ಹಜರತ್ ಅಂದ್ರ ಹೆಸರಲ್ಲ, ರಹಮತುಲ್ಲಾಹಿ ಅಂದ್ರ ಬಿರುದಲ್ಲ

ಹಜರತ್ ಖ್ವಾಜಾ ಬಂದೇ ನವಾಜ್ ಗೇಸು ದರಾಜ್ ರಹಮತುಲ್ಲಾಹಿ ಅಲೈಹಿ.

ಹುಬ್ಬಳ್ಳಿಯಿಂದ ಕಲಬುರಗಿ ಉರುಸಿಗೆ ಹೊರಡುವ ಗಾಡಿಗಳ ಮುಂದೆ ಕಟ್ಟುವ ಬ್ಯಾನರಿನ ಸಾಲು ಇದು. ಓದಿ ನೋಡಿ, ಇದರಲ್ಲಿ ಆ ಮಹನೀಯರ ಹೆಸರೇ ಇಲ್ಲ. ಅವರ ಹೆಸರು ಸಯ್ಯದ್ ಮುಹಮ್ಮದ್ ಹುಸೈನಿ. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡರು. ಹಜರತ್ ಅನ್ನುವುದು ಗೌರವದ ಮಾತು. ಖ್ವಾಜಾ ಅಂದರೆ ಪಾರಸಿಯಲ್ಲಿ ಒಡೆಯ. ಬಂದೇ ನವಾಜ್ ಅಂದರೆ ದೀನದಾಸರನ್ನು ಸಲಹುವವರು, ಗೇಸು ದರಾಜ್ ಅಂದರೆ ನೀಳ ಕೂದಲಿನವರು. ಕೊನೆಯ ಎರಡು ಪದ ಬಿರುದೂ ಅಲ್ಲ, ಪ್ರಾರ್ಥನೆ: 'ಅವರ ಮೇಲೆ ಅಲ್ಲಾಹನ ಕರುಣೆ ಇರಲಿ.'

ಉರುಸು, ಮೊಹರಂ, ಈದ್ ಮಿಲಾದ್ ಬಂದಾಗಲೆಲ್ಲ ನಮ್ಮ ಕಡೆ ಕನ್ನಡದಲ್ಲಿ ಬ್ಯಾನರ್, ಹ್ಯಾಂಡ್‌ಬಿಲ್, ಪತ್ರಿಕಾ ಸುದ್ದಿ ಬಹಳ ಬರುತ್ತವೆ. ಬರೆಯುವವರ ಮನಸ್ಸಿನಲ್ಲಿ ಭಕ್ತಿ ಇರುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಬಿರುದನ್ನೂ ಪ್ರಾರ್ಥನೆಯನ್ನೂ ಒಂದೇ ಹಾರದಲ್ಲಿ ಪೋಣಿಸಿಬಿಡುತ್ತಾರೆ. ಅಲ್ಲಿಂದ ಮುಂದೆ ಪ್ರವಾದಿ ಯಾರು, ಅವರ ಸಂಗಾತಿಗಳಾದ ಸಹಾಬಿಗಳು ಯಾರು, ಅಲ್ಲಾಹನಿಗೆ ಹತ್ತಿರದವರಾದ ವಲಿಗಳು ಯಾರು ಅನ್ನುವ ಗೆರೆಯೇ ಅಳಿಸಿಹೋಗುತ್ತದೆ. ಇಸ್ಲಾಮಿನಲ್ಲಿ ಆ ಗೆರೆ ಬಹಳ ಮುಖ್ಯ.

ಮೊದಲು ಹೆಸರಿಗಿಂತ ಮುಂಚೆ ಬರುವ ಪದಗಳನ್ನು ನೋಡೋಣ. ಹಜರತ್ ಎಂಬ ಅರಬಿ ಪದದ ಮೂಲ ಅರ್ಥ 'ಇರುವಿಕೆ', 'ಸಮ್ಮುಖ'. ಹಾಜರ್, ಹಾಜರಿ, ಹುಜೂರ್ ಎಲ್ಲವೂ ಅದೇ ಧಾತುವಿನವು. ನಮ್ಮ ಮಠಗಳಲ್ಲಿ ಸ್ವಾಮಿಗಳನ್ನು ಹೆಸರಿಟ್ಟು ಕರೆಯದೆ 'ಸನ್ನಿಧಿ', 'ಸನ್ನಿಧಾನಂಗಳವರು' ಅನ್ನುತ್ತೇವಲ್ಲ, ಹಜರತ್ ಹೆಚ್ಚುಕಡಿಮೆ ಅದೇ. ಪ್ರವಾದಿಗೂ, ಸಹಾಬಿಗೂ, ವಲಿಗೂ, ಬದುಕಿರುವ ಉಸ್ತಾದರಿಗೂ ಹಚ್ಚಬಹುದು, ಅದರಿಂದ ದರ್ಜೆ ತಿಳಿಯುವುದಿಲ್ಲ. ಸಯ್ಯದ್ ಹಾಗಲ್ಲ. ಅದು ವಂಶ ಹೇಳುವ ಪದ, ಪ್ರವಾದಿಯವರ ಮಗಳು ಫಾತಿಮಾ ಅವರ ಸಂತತಿ ಎಂದರ್ಥ. ಸಯ್ಯದ್ ಆದವರೆಲ್ಲ ವಲಿಯಲ್ಲ, ವಲಿಯಾದವರೆಲ್ಲ ಸಯ್ಯದರೂ ಅಲ್ಲ. ಪೀರ್ ಅಂದರೆ ಪಾರಸಿಯಲ್ಲಿ ಮುದುಕ, ಹಿರಿಯ. ಶೇಖ್ ಅಂದರೆ ಅರಬಿಯಲ್ಲಿ ಅದೇ ಅರ್ಥ. ಶಾಹ ಅಂದರೆ ರಾಜ. ಕೈಯಲ್ಲಿ ಕಾಸಿಲ್ಲದ ಫಕೀರರಿಗೆ ಜನ ಈ ಪದ ಕೊಟ್ಟರು, ಅದರ ಸೊಗಸೇ ಬೇರೆ. ಮೌಲಾನಾ, ಮುಫ್ತಿ, ಹಾಫಿಜ್ ಇವು ಓದಿನ ಗುರುತುಗಳು. ಹಾಫಿಜ್ ಅಂದರೆ ಕುರ್‌ಆನಿನ 114 ಸೂರಾಗಳನ್ನೂ (ಅಧ್ಯಾಯಗಳನ್ನೂ) ಬಾಯಿಪಾಠ ಮಾಡಿದವರು. 'ಚಲೋ ಓದ್ತಾರ' ಅಂತ ಯಾರಿಗೋ ಹಾಫಿಜ್ ಎಂದು ಬರೆಯುವಂತಿಲ್ಲ.

ಹೆಸರಿನ ನಂತರ ಬರುವವೆಲ್ಲ ಪ್ರಾರ್ಥನೆಗಳು. ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ಪ್ರವಾದಿ ಮುಹಮ್ಮದರಿಗೆ ಸಲ್ಲಲ್ಲಾಹು ಅಲೈಹಿ ವಸಲ್ಲಮ್. ಮೂಸಾ, ಈಸಾ, ಇಬ್ರಾಹೀಮ್ ಮೊದಲಾದ ಪ್ರವಾದಿಗಳಿಗೆ ಅಲೈಹಿಸ್ಸಲಾಮ್. ಸಹಾಬಿಗಳಿಗೆ ರಜಿಯಲ್ಲಾಹು ಅನ್ಹು, ಅಂದರೆ 'ಅಲ್ಲಾಹನು ಅವರನ್ನು ಮೆಚ್ಚಿಕೊಳ್ಳಲಿ'. ಅವರ ನಂತರದ ವಲಿಗಳಿಗೆ, ವಿದ್ವಾಂಸರಿಗೆ ರಹಮತುಲ್ಲಾಹಿ ಅಲೈಹಿ. ನಮ್ಮ ಕಡೆಯ ಸುನ್ನಿಗಳ ರೂಢಿ ಇದು. ಶಿಯಾ ಸಂಪ್ರದಾಯದಲ್ಲಿ ಅಲಿ, ಹುಸೇನರಿಗೂ ಅಲೈಹಿಸ್ಸಲಾಮ್ ಹೇಳುತ್ತಾರೆ.

ಇವು ವಾಕ್ಯಗಳಾದ್ದರಿಂದ ಲಿಂಗ, ವಚನ ಬದಲಾಗುತ್ತವೆ. ಗಂಡಸಿಗೆ 'ಅನ್ಹು', ಹೆಂಗಸಿಗೆ 'ಅನ್ಹಾ', ಇಬ್ಬರಿಗೆ 'ಅನ್ಹುಮಾ', ಅದಕ್ಕಿಂತ ಹೆಚ್ಚು ಜನರಿಗೆ 'ಅನ್ಹುಮ್'. 'ಹಜರತ್ ಫಾತಿಮಾ ರಜಿಯಲ್ಲಾಹು ಅನ್ಹು' ಎಂದು ಅಚ್ಚಾದರೆ ಆ ತಾಯಿಯನ್ನು ಗಂಡಸು ಮಾಡಿದಂತೆ. ಹಸನ್, ಹುಸೇನ್ ಇಬ್ಬರ ಹೆಸರೂ ಕೂಡಿ ಬಂದಾಗ ಅನ್ಹುಮಾ ಇರಬೇಕು.

ಇದಕ್ಕಿಂತ ದೊಡ್ಡ ಗೊಂದಲ 'ರ.ಅ.' ಎಂಬ ಎರಡಕ್ಷರದ್ದು. ರಜಿಯಲ್ಲಾಹು ಅನ್ಹು ಕೂಡ ರ.ಅ., ರಹಮತುಲ್ಲಾಹಿ ಅಲೈಹಿ ಕೂಡ ರ.ಅ. ಉರ್ದುವಿನಲ್ಲಿ ಈ ತೊಂದರೆ ಇಲ್ಲ. ಮೊದಲನೆಯದಕ್ಕೆ 'ರೇ-ಜಾದ್' ಅಕ್ಷರಗಳ ಸಣ್ಣ ಗುರುತು, ಎರಡನೆಯದಕ್ಕೆ 'ರೇ-ಹೇ' ಗುರುತು ಹೆಸರಿನ ತಲೆಯ ಮೇಲೆ ಬರುತ್ತದೆ. ಕನ್ನಡದಲ್ಲಿ ಎರಡೂ ಒಂದೇ ಆಗಿ, ಓದುವವನು ತನಗೆ ಗೊತ್ತಿದ್ದದ್ದನ್ನು ಬಿಡಿಸಿಕೊಳ್ಳುತ್ತಾನೆ. ಕಾರ್ಯಕ್ರಮ ನಿರೂಪಿಸುವವರು ಮೈಕಿನಲ್ಲಿ ದರ್ಗಾದ ವಲಿಯ ಹೆಸರಿನ ನಂತರ 'ರಜಿಯಲ್ಲಾಹು ಅನ್ಹು' ಎಂದು ಓದುವುದು ಹೀಗೆಯೇ. ಇತರರಿಗೂ ಹಾಗೆ ಹೇಳಬಹುದು ಅನ್ನುವ ಉಲಮಾಗಳು (ಧರ್ಮ ವಿದ್ವಾಂಸರು) ಇದ್ದಾರೆ, ಹೌದು. ಆದರೆ ಕೇಳಿದವರು ಅವರನ್ನು ಸಹಾಬಿ ಎಂದೇ ತಿಳಿಯುತ್ತಾರೆ. ಸಹಾಬಿ ಅಂದರೆ ಪ್ರವಾದಿಯವರನ್ನು ವಿಶ್ವಾಸಿಯಾಗಿ ಭೇಟಿಯಾಗಿ, ಅದೇ ವಿಶ್ವಾಸದಲ್ಲಿ ತೀರಿಕೊಂಡವರು. ಪ್ರವಾದಿಯವರು ತೀರಿಕೊಂಡದ್ದು 632ರಲ್ಲಿ. 15ನೇ ಶತಮಾನದ ಸೂಫಿಯನ್ನು ಆ ಸಾಲಿನಲ್ಲಿ ಕೂರಿಸಿದರೆ 800 ವರ್ಷದ ಲೆಕ್ಕ ತಪ್ಪುತ್ತದೆ. ಜಾಗ ಸಾಲದಿದ್ದರೆ ಫಾಂಟ್ ಸಣ್ಣದು ಮಾಡಿ, ಪ್ರಾರ್ಥನೆ ಪೂರ್ತಿ ಬರೆಯಿರಿ. ಸಲ್ಲಲ್ಲಾಹು ಅಲೈಹಿ ವಸಲ್ಲಮ್ ಬದಲು ಹಾಕುವ 'ಸ.ಅ.' ಕೂಡ ಹಾಗೆಯೇ, ದರೂದನ್ನು, ಅಂದರೆ ಪ್ರವಾದಿಯವರಿಗೆ ಹೇಳುವ ಈ ಪ್ರಾರ್ಥನೆಯನ್ನು, ತುಂಡರಿಸುವುದನ್ನು ಉಲಮಾಗಳು ಒಪ್ಪುವುದಿಲ್ಲ. ಮೊದಲ ಸಲ ಪೂರ್ತಿ ಬರೆದು, ಮುಂದೆ 'ಪ್ರವಾದಿಯವರು' ಎಂದು ಮುಂದುವರಿದರೆ ಗೌರವವೂ ಉಳಿಯುತ್ತದೆ, ಜಾಗವೂ ಉಳಿಯುತ್ತದೆ.

ಬದುಕಿರುವ ಪೀರ್ ಸಾಹೇಬರ ಹೆಸರಿಗೆ ರಹಮತುಲ್ಲಾಹಿ ಅಲೈಹಿ ಹಚ್ಚಬೇಡಿ. ಕರುಣೆ ಬದುಕಿದ್ದವರಿಗೂ ಬೇಕು ನಿಜ, ಆದರೆ ರೂಢಿಯಲ್ಲಿ ಅದು ತೀರಿಕೊಂಡವರ ಗುರುತಾಗಿದೆ, ಮುರೀದರು (ಶಿಷ್ಯರು) ಗಾಬರಿಯಾಗುತ್ತಾರೆ. ಬದುಕಿರುವ ಹಿರಿಯರಿಗೆ 'ದಾಮತ್ ಬರಕಾತುಹುಮ್' ಎಂಬ ಬೇರೆ ಹಾರೈಕೆಯೇ ಇದೆ.

ಇನ್ನು ವಲಿ. ವಲಿ ಅಂದರೆ ಹತ್ತಿರದವನು, ಗೆಳೆಯ. ಬಹುವಚನ ಔಲಿಯಾ. ಅಲ್ಲಾಹನ ವಲಿಗಳಿಗೆ ಭಯವಿಲ್ಲ, ದುಃಖವಿಲ್ಲ ಎಂದು ಕುರ್‌ಆನಿನ ಸೂರಾ ಯೂನುಸ್ (10:62) ಹೇಳುತ್ತದೆ. ಮರು ವಾಕ್ಯದಲ್ಲೇ ಅವರು ಯಾರೆಂದೂ ಹೇಳುತ್ತದೆ: ನಂಬಿದವರು ಮತ್ತು ಅಲ್ಲಾಹನಿಗೆ ಅಂಜಿ ನಡೆದವರು. ಅಷ್ಟೇ. ಕ್ಯಾಥೋಲಿಕ್ ಚರ್ಚಿನಲ್ಲಿ ವಿಚಾರಣೆ ನಡೆದು ಸಂತ ಪದವಿ ಘೋಷಣೆಯಾಗುತ್ತದಲ್ಲ, ಅಂಥ ಪೀಠ, ಅಂಥ ಸರ್ಟಿಫಿಕೇಟು ಇಸ್ಲಾಮಿನಲ್ಲಿ ಇಲ್ಲ. ತಲೆಮಾರುಗಳ ನೆನಪೇ ಒಬ್ಬರನ್ನು ವಲಿ ಎಂದು ಉಳಿಸುತ್ತದೆ. ತಾನೇ ವಲಿ ಎಂದು ಹ್ಯಾಂಡ್‌ಬಿಲ್ ಹಂಚುವವನನ್ನು ಮೊದಲು ಅನುಮಾನದಿಂದ ನೋಡಬೇಕು. ಪವಾಡವೂ ಪುರಾವೆಯಲ್ಲ. ಪ್ರವಾದಿಗಳ ಪವಾಡಕ್ಕೆ ಮುಅಜಿಜಾ, ವಲಿಗಳದ್ದಕ್ಕೆ ಕರಾಮತ್ ಎಂಬ ಬೇರೆಬೇರೆ ಹೆಸರಿವೆ. ಗಾಳಿಯಲ್ಲಿ ಹಾರುವವನನ್ನು ಕಂಡರೂ ಮರುಳಾಗಬೇಡಿ, ಅವನು ವಿಧಿ-ನಿಷೇಧ ಪಾಲಿಸುತ್ತಾನೋ ನೋಡಿ ಎಂಬ ಅರ್ಥದ ಮಾತು 9ನೇ ಶತಮಾನದ ಸೂಫಿ ಬಾಯಜೀದ್ ಬಿಸ್ತಾಮಿ ಅವರ ಹೆಸರಿನಲ್ಲಿದೆ.

ಹಾಗಾಗಿ 'ದರ್ಗಾದ ದೇವರು', 'ಮೊಹರಂ ದೇವರು' ಎಂದು ಪತ್ರಿಕೆಯಲ್ಲಿ ಬರುವುದು ಸರಿಯಲ್ಲ. ಊರಾಗಿನ ಹಿರಿಯರು 'ಅಲಾಯಿ ದೇವರು ಕುಂತಾವ', 'ದೇವರಿಗೆ ಸಕ್ಕರಿ ಓದಿಸಬೇಕು' ಅಂದರೆ ಅದು ಅವರ ಭಕ್ತಿಯ ಭಾಷೆ, ಅದನ್ನು ತಿದ್ದಲು ಹೋಗುವುದು ನನಗೆ ಸೇರದು. ಆದರೆ ಬರೆಯುವವರಿಗೆ ಜವಾಬ್ದಾರಿ ಇದೆ. ಪಂಜಾ, ಅಂದರೆ ಅಲಾಯಿಯಲ್ಲಿ ಇಡುವ ಹಸ್ತದ ಆಕಾರದ ಲಾಂಛನ, ಕೂರಿಸುವುದು ಹಜರತ್ ಇಮಾಮ್ ಹುಸೇನರ ನೆನಪಿಗೆ. ಅವರು 680ರಲ್ಲಿ, ಮೊಹರಂ 10ರಂದು ಕರ್ಬಲಾದಲ್ಲಿ ಹುತಾತ್ಮರಾದರು. ಅಣ್ಣ ಹಸನರು ಅದಕ್ಕೂ ಸುಮಾರು 10 ವರ್ಷ ಮೊದಲೇ ಮದೀನಾದಲ್ಲಿ ತೀರಿಕೊಂಡಿದ್ದರು. 'ಹಸನ್-ಹುಸೇನ್ ಕರ್ಬಲಾದಲ್ಲಿ ಮಡಿದರು' ಎಂದು ಜೋಡಿಸಿ ಬರೆಯುವುದು ಇತಿಹಾಸಕ್ಕೂ ತಪ್ಪು.

ವಲಿಗೆ ಕನ್ನಡದಲ್ಲಿ ಯಾವ ಪದ? ನನ್ನ ಮಟ್ಟಿಗೆ 'ಶರಣ'. ಯಾಕೆಂದರೆ ಇಸ್ಲಾಮಿನಲ್ಲಿ ಮನುಷ್ಯನಿಗೆ ಸಿಗುವ ಅತಿ ದೊಡ್ಡ ಪದವಿ 'ಅಬ್ದ್', ಅಂದರೆ ದಾಸ. ದಿನದ ಐದೂ ನಮಾಜಿನಲ್ಲಿ ಪ್ರವಾದಿಯವರನ್ನು 'ಅಬ್ದುಹು ವ ರಸೂಲುಹು' ಎನ್ನುತ್ತಾರೆ: ಮೊದಲು ಅವನ ದಾಸ, ಆಮೇಲೆ ಅವನ ದೂತ. 'ಪವಿತ್ರನು' ಎಂಬ ಅರ್ಥದ ಖುದ್ದೂಸ್ ಅಲ್ಲಾಹನ ಹೆಸರು. ವಲಿಗಳಿಗೆ ಹೇಳುವ 'ಖುದ್ದಿಸ ಸಿರ್ರುಹು' ಕೂಡ ಅವರ ಅಂತರಂಗ ಪವಿತ್ರವಾಗಲಿ ಎಂಬ ಬೇಡಿಕೆ, ಪ್ರಮಾಣಪತ್ರ ಅಲ್ಲ.

ನಮ್ಮ ಸೀಮೆಯ ಜನ ಈ ಬಿರುದುಗಳನ್ನು ಎಷ್ಟು ಪ್ರೀತಿಯಿಂದ ಒಳಗೆ ಬಿಟ್ಟುಕೊಂಡಿದ್ದಾರೆ ಎಂದರೆ, ಅವು ಮಕ್ಕಳ ಹೆಸರಾಗಿಬಿಟ್ಟಿವೆ. ದಸ್ತಗೀರಸಾಬ, ಗೌಸಸಾಬ, ಮಾಬುಸಾಬ, ಮೋದಿನಸಾಬ: ನಾಲ್ಕೂ ಒಬ್ಬರೇ ಮಹನೀಯರ ಬಿರುದುಗಳು, 1166ರಲ್ಲಿ ಬಗ್ದಾದಿನಲ್ಲಿ ತೀರಿಕೊಂಡ ಶೇಖ್ ಅಬ್ದುಲ್ ಖಾದಿರ್ ಜೀಲಾನಿ ಅವರವು. ಕೈ ಹಿಡಿಯುವವರು ಎಂದು ಪೀರ್ ದಸ್ತಗೀರ್, ಮೊರೆ ಕೇಳುವವರು ಎಂದು ಗೌಸ್, ಮಹಬೂಬೆ ಸುಬಹಾನಿ ಸವೆದು ಮಾಬುಸಾಬ, ಮುಹಿಯುದ್ದೀನ್ ಮಿದುವಾಗಿ ಮೋದಿನಸಾಬ. ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಒಬ್ಬರೇ ಶರಣರನ್ನು ಒಬ್ಬರು ಚಾಂಗದೇವ ಅನ್ನುತ್ತಾರೆ, ಇನ್ನೊಬ್ಬರು ರಾಜಾಬಾಗ ಸವಾರ, ಹುಲಿಯನ್ನೇರಿದವರು, ಅನ್ನುತ್ತಾರೆ. ಶಿಶುನಾಳದವರಿಗಂತೂ (1819–1889) ಸಂತ, ಶಿವಯೋಗಿ ಎರಡೂ ಸಂದವು. 'ಶರೀಫ' ಮಾತ್ರ ಬಿರುದಲ್ಲ, ಇಟ್ಟ ಹೆಸರು.

ಹೆಸರಿನ ಮಾತು ಬಂತು ಅಂದ ಮೇಲೆ ಒಂದು ಸೂಚನೆ. ಅರ್ಜಿ ತುಂಬುವಾಗ 'ಅಬ್ದುಲ್' ಅನ್ನು ಮೊದಲ ಹೆಸರೆಂದು ಬಿಡಿಸಿ ಬರೆಯಬೇಡಿ. 'ಇಂಥವನ ದಾಸ' ಎಂಬಲ್ಲಿ ಇಂಥವನೇ ಬಿಟ್ಟುಹೋಗುತ್ತಾನೆ. ಅಬ್ದುಲ್ ರಜಾಕರನ್ನು ಬರೀ ರಜಾಕ್ ಅನ್ನುವುದನ್ನೂ ಉಲಮಾಗಳು ಆಕ್ಷೇಪಿಸುತ್ತಾರೆ, ಅನ್ನ ಕೊಡುವವನು ಅಲ್ಲಾಹನೊಬ್ಬನೇ ಎಂಬ ಕಾರಣಕ್ಕೆ.

ದರ್ಗಾದಲ್ಲಿ ಇರುವವರ ಪದವಿಗಳೂ ಬೇರೆಬೇರೆ. ಸಜ್ಜಾದಾ ನಶೀನ್ ಅಂದರೆ ಹಿರಿಯರ ಜಾನಿಮಾಜಿನ (ನಮಾಜಿನ ಹಾಸಿನ) ಮೇಲೆ ಕುಳಿತ ಉತ್ತರಾಧಿಕಾರಿ. ಮುತವಲ್ಲಿ ಆಸ್ತಿ, ಲೆಕ್ಕಪತ್ರ ನೋಡುವವರು. ಮುಜಾವರ ಸೇವೆ ಮಾಡುವವರು. ಸುದ್ದಿ ಬರೆಯುವಾಗ ಮೂವರನ್ನೂ 'ಧರ್ಮಗುರು' ಎಂದು ಕರೆದರೆ ಮೂವರಿಗೂ ಅನ್ಯಾಯ. ಸಾಷ್ಟಾಂಗದ ಬಗ್ಗೆಯೂ ಒಂದು ಮಾತು. ದರ್ಗಾ ಜಿಯಾರತನ್ನು (ದರ್ಶನವನ್ನು) ಬಲವಾಗಿ ಸಮರ್ಥಿಸಿದ ಬರೇಲಿಯ ವಿದ್ವಾಂಸ ಅಹ್ಮದ್ ರಜಾ ಖಾನ್ (1856–1921) ಅವರೇ ಗೌರವಕ್ಕಾಗಿ ಮಾಡುವ ಸಜ್ದಾ ಕೂಡ ಹರಾಮ್ ಎಂದು ಪ್ರತ್ಯೇಕ ಗ್ರಂಥ ಬರೆದರು. ಪಾದದ ಕಡೆಯಿಂದ ಬಂದು, ನಾಲ್ಕು ಮೊಳ ದೂರ ನಿಂತು, ಸಲಾಮ್ ಹೇಳಿ ಫಾತಿಹಾ ಓದಬೇಕು ಎಂಬುದು ಅವರು ಹೇಳಿದ ಕ್ರಮ.

ಕೊನೆಗೆ ಬ್ಯಾನರಿನ ಮಾತು. ಫ್ಲೆಕ್ಸಿನ ಮೇಲೆ ಕುರ್‌ಆನಿನ ಆಯತ್ (ವಾಕ್ಯ) ಬೇಡ, ಅದು ಯಾರದೋ ಕಾಲಡಿ ಬಿದ್ದೀತು. ಮದುವೆ ಕಾರ್ಡಿನಲ್ಲಿ ಹಲವರು 786 ಹಾಕುವುದು ಇದೇ ಅಂಜಿಕೆಗೆ: ಬಿಸ್ಮಿಲ್ಲಾದ ಅಕ್ಷರಗಳಿಗೆ, ಒಂದೊಂದು ಅಕ್ಷರಕ್ಕೂ ಒಂದು ಅಂಕಿ ಇರುವ ಅಬ್ಜದ್ ಲೆಕ್ಕದಲ್ಲಿ ಬರುವ ಮೊತ್ತ ಅದು, ಮುಹಮ್ಮದ್ ಎಂಬ ಹೆಸರಿಗೆ 92. ಸಂಖ್ಯೆ ಬಿಸ್ಮಿಲ್ಲಾಕ್ಕೆ ಸಮ ಅಲ್ಲ ಅನ್ನುವವರೂ ಇದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಕಾಗದ ಚರಂಡಿಗೆ ಬೀಳುವ ಸಂಭವವಿದ್ದರೆ ಎರಡನ್ನೂ ಬಿಟ್ಟು, ಕಾರ್ಯಕ್ರಮದ ಶುರುವಿಗೆ ಬಿಸ್ಮಿಲ್ಲಾ ಬಾಯಲ್ಲಿ ಹೇಳಿದರಾಯಿತು. ಗಂಧ, ಉರುಸು, ಜಿಯಾರತ್ ಮುಗಿದ ಮರುದಿನವೇ ಫ್ಲೆಕ್ಸ್ ಇಳಿಸಿ. ಅಲ್ಲಾಹ್, ಪ್ರವಾದಿ, ವಲಿಗಳ ಹೆಸರಿರುವ ಭಾಗವನ್ನು ಕತ್ತರಿಸಿ ತೆಗೆದು, ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಯಾರ ಕಾಲೂ ಬೀಳದ ಜಾಗದಲ್ಲಿ ಹೂಳಿ. ಉಳಿದ ಫ್ಲೆಕ್ಸನ್ನು ಕಣಜದ ಮೇಲೆ ಹೊದಿಸಿದರೂ ನಡೆಯುತ್ತದೆ.