ಅಂಗೈಯಲ್ಲಿ ಹಿಡಿಯುವ ಸಾಧನ ಸಾಕು

ಭಾರಿ ಒತ್ತಡದಲ್ಲಿ ವಸ್ತುಗಳು ಏನಾಗುತ್ತವೆ ಎಂಬ ಬಗ್ಗೆ ಒಂದು ಲೇಖನ ಓದಿದೆ. ಭೂಮಿಯ ನಡುವಿನಷ್ಟು ಒತ್ತಡ ತರಲು ದೈತ್ಯ ಯಂತ್ರಗಳೇ ಬೇಕು ಅಂತ ಅದರಲ್ಲಿದೆ. ಅದೊಂದು ಮಾತು ಸರಿಯಿಲ್ಲ. ಎರಡು ವಜ್ರಗಳ ನಡುವೆ ವಸ್ತುವನ್ನಿಟ್ಟು ಅಮುಕುವ ಸಾಧನ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ತಿರುಪನ್ನು ಕೈಯಿಂದಲೇ ಬಿಗಿ ಮಾಡಬಹುದು! ಬಲ ಅಷ್ಟೇನೂ ಜಾಸ್ತಿ ಬೇಡ. ವಜ್ರದ ತುದಿ ಕೂದಲೆಳೆಯಷ್ಟು ಸಣ್ಣ, ಬಲವೆಲ್ಲ ಅಲ್ಲೇ ಬೀಳುತ್ತದೆ.

1958ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಇದು ತಯಾರಾಯಿತು. ನನಗೆ ತುಂಬಾ ಇಷ್ಟವಾಗುವುದು ಏನೆಂದರೆ, ವಜ್ರದ ಮೂಲಕ ಒಳಗಡೆ ಇಣುಕಿ ನೋಡಬಹುದು. ನೀರಿನ ಮೇಲೆ ವಾತಾವರಣದ ಸುಮಾರು 10,000 ಪಟ್ಟು ಒತ್ತಡ ಹಾಕಿದರೆ ತಣ್ಣಗೆ ಮಾಡದೆಯೇ ಅದು ಮಂಜುಗಡ್ಡೆಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಹರಳು ಬೆಳೆಯುವುದು ಕಣ್ಣಿಗೇ ಕಾಣುತ್ತದೆ. ಈ ಮಂಜುಗಡ್ಡೆ ತೇಲುವುದಿಲ್ಲ, ನೀರಲ್ಲಿ ಮುಳುಗುತ್ತದೆ!

ಒತ್ತಡ ಅಳೆಯುವುದು ಹೇಗೆ ಅಂತ ಲೇಖನ ಹೇಳಿಲ್ಲ. ಪಕ್ಕದಲ್ಲಿ ಮಾಣಿಕ್ಯದ ಪುಟ್ಟ ಚೂರು ಇಡುತ್ತಾರೆ. ಲೇಸರ್ ಬಿಟ್ಟರೆ ಅದು ಕೆಂಪಗೆ ಹೊಳೆಯುತ್ತದೆ, ಒತ್ತಡ ಏರಿದ ಹಾಗೆ ಆ ಕೆಂಪಿನ ತರಂಗದೂರ ಉದ್ದವಾಗುತ್ತದೆ. ಎಷ್ಟು ಉದ್ದವಾಯಿತು ಅಂತ ನೋಡಿದರೆ ಒತ್ತಡ ಗೊತ್ತಾಗುತ್ತದೆ, ಅಷ್ಟೇ ಲೆಕ್ಕ.

ಸೋಡಿಯಂ ಬಗ್ಗೆಯೂ ಬರೆಯಬೇಕಿತ್ತು ಅಲ್ವಾ? ಬೆಳ್ಳಗೆ ಹೊಳೆಯುವ ಆ ಲೋಹ ವಾತಾವರಣದ ಸುಮಾರು 20 ಲಕ್ಷ ಪಟ್ಟು ಒತ್ತಡದಲ್ಲಿ ಗಾಜಿನಂತೆ ಪಾರದರ್ಶಕವಾಗುತ್ತದೆ. 2009ರಲ್ಲಿ ವಿಜ್ಞಾನಿಗಳು ಅದನ್ನು ಪ್ರಕಟಿಸಿದರು.