ಅವಳ ಮೊದಲ ಪ್ರೀತಿಗೆ ಡಾಕ್ಟರ್ ಯಾಕೆ?

ಇಬ್ಬರು ಹುಡುಗಿಯರು ಕೈ ಹಿಡಿದು ನಡೆದರೆ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ "ಎಷ್ಟು ಹೊಂದಿಕೊಂಡಿದ್ದಾವೆ ನೋಡು" ಅಂತ ಖುಷಿಪಡುತ್ತಾರೆ. ಅವರಲ್ಲೊಬ್ಬಳು "ಅಮ್ಮಾ, ನಂಗೆ ಅವಳಂದ್ರೆ ಪ್ರೀತಿ" ಅಂದಳೋ, ಅದೇ ಮನೆಯಲ್ಲಿ ಸಾವಾದ ಹಾಗೆ ಅಳು ಶುರು.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗೇ ಆಯಿತು. ಊರು, ಹೆಸರು ಬೇಡ. ಹುಡುಗಿ ಎರಡನೇ ಪಿಯುಸಿ. ಗೆಳತಿ ಬರುವ ಬಸ್ಸಿಗೇ ಹೋಗಬೇಕು ಅಂತ ಮುಂಚಿನ ಬಸ್ಸು ಬಿಟ್ಟು ಕಾಯುತ್ತಿದ್ದಳು. ಮನೆಯಿಂದ ಮಲ್ಲಿಗೆ ಒಯ್ದರೆ ಅರ್ಧ ತುಂಡು ಮಾಡಿ ಅವಳ ಜಡೆಗೆ ತಾನೇ ಮುಡಿಸಬೇಕು. ಅವಳು ಬೇರೆ ಬೆಂಚಿನಲ್ಲಿ ಕೂತ ದಿನ ಇವಳಿಗೆ ಊಟ ಸೇರದು. ಹದಿನೇಳರ ಪ್ರೀತಿ ಇರುವುದೇ ಹೀಗೆ ಅಲ್ವಾ? ವಿಷಯ ಗೊತ್ತಾದ ಮೇಲೆ ಫೋನ್ ಕಿತ್ತುಕೊಂಡರು. ಕಾಲೇಜು ಬಿಡಿಸಿದರು. ತಾಯಿತ ಕಟ್ಟಿಸಿದರು. ಕೊನೆಗೆ "ಸರಿ ಮಾಡಿಸೋಣ" ಅಂತ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು.

ಸರಿ ಮಾಡಲು ಕೆಟ್ಟಿದ್ದಾದರೂ ಏನು? ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಪ್ರೀತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಮನೆಯವರಿಂದ ತಪ್ಪಿಸಿಕೊಂಡು ಬಂದ ಇಬ್ಬರು ಯುವತಿಯರು ರಕ್ಷಣೆ ಕೇಳಿ ಮದ್ರಾಸ್ ಹೈಕೋರ್ಟಿಗೆ ಹೋಗಿದ್ದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ತಮಗೆ ಈ ವಿಷಯ ಸರಿಯಾಗಿ ಗೊತ್ತಿಲ್ಲ ಅಂತ ಬಾಯಿಬಿಟ್ಟು ಒಪ್ಪಿಕೊಂಡರು. ಮೊದಲು ಮನಶ್ಶಾಸ್ತ್ರಜ್ಞೆಯ ಎದುರು ತಾವೇ ಕೂತು ತಿಳಿದುಕೊಂಡರು. ಆಮೇಲೆ, 2021ರ ಜೂನ್‌ನಲ್ಲಿ, ಇಂಥವರನ್ನು ಬದಲಾಯಿಸುವ "ಚಿಕಿತ್ಸೆ"ಯನ್ನೇ ನಿಷೇಧಿಸಬೇಕು ಎಂದು ಆದೇಶ ಕೊಟ್ಟರು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಅಂಥ ಚಿಕಿತ್ಸೆ ಮಾಡುವುದು ವೈದ್ಯರಿಗೆ ತಕ್ಕ ನಡತೆಯಲ್ಲ ಎಂದಿತು. ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂತವರು ಕಲಿಯಲು ಸಿದ್ಧರಾದರು. ಹೆತ್ತವರಿಗೆ ಯಾಕೆ ಆಗಬಾರದು?

2018ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಪ್ರೀತಿ ಅಪರಾಧವಲ್ಲ ಎಂದಿತು. 2023ರಲ್ಲಿ ಮದುವೆಯ ಹಕ್ಕು ಮಾತ್ರ ಕೊಡಲಿಲ್ಲ. ಅದು ನನಗೆ ಇವತ್ತಿಗೂ ನೋವು. ಆದರೆ ಈ ಹುಡುಗಿ ಕೇಳುತ್ತಿರುವುದು ಮದುವೆಯನ್ನಲ್ಲ. ಗೆಳತಿ ಮಾತು ಬಿಟ್ಟ ದಿನ ಅಮ್ಮನ ಮಡಿಲಲ್ಲಿ ಅಳುವಷ್ಟು ಜಾಗ, ಅಷ್ಟೇ. ಮೊದಲ ಪ್ರೀತಿ ಎಷ್ಟೋ ಜನರಿಗೆ ಮುರಿದುಹೋಗುತ್ತದೆ, ಇವಳದ್ದೂ ಮುರಿಯಬಹುದು. ಮುರಿದರೆ ತಾನಾಗಿ ಮುರಿಯಲಿ. ನಾವು ಕೈ ಹಾಕಿ ಕಿತ್ತರೆ ಪ್ರೀತಿಯ ಜೊತೆ ನಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಆ ಮನೆಯವರಿಗೆ ನಾನು ಹೇಳಿದ್ದು ಇಷ್ಟು. ಫೋನ್ ವಾಪಸ್ ಕೊಡಿ. ಕಾಲೇಜಿಗೆ ಕಳಿಸಿ, ಪರೀಕ್ಷೆ ಬರೆಯಲಿ. ನಿಮಗೆ ಸಂಕಟ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ನೀವೇ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಗಂಡು ನೋಡುವ ಮಾತು ಮಾತ್ರ ಎತ್ತಬೇಡಿ.