ಕಂಪನಿ ಫಿಟಿಂಗ್

ಎಂಜಿನ್ನಿನ ಎಣ್ಣೆ ಧಾರಾಕಾರವಾಗಿ ಸುರಿದರೆ ಯೋಚಿಸುವ ಗೋಜೇ ಇರುವುದಿಲ್ಲ; ಗಾಡಿಯನ್ನು ತಳ್ಳಿಕೊಂಡು ಗ್ಯಾರೇಜಿಗೆ ನಡೆಯುವುದೊಂದೇ ದಾರಿ. ನನ್ನ ಗಾಡಿ ಅಷ್ಟು ನೇರ ಸ್ವಭಾವದ್ದಲ್ಲ. ಅದು ರಾತ್ರಿಯಿಡೀ ವಿಚಾರ ಮಾಡಿ, ಬೆಳಗಾಗುವ ಹೊತ್ತಿಗೆ ಅಂಗಳದ ಪರಸಿಕಲ್ಲಿನ ಮೇಲೆ ಎಂಟಾಣೆ ಅಗಲದ ಒಂದು ಕರಿ ಕಲೆಯನ್ನು ಇಳಿಸಿ ಸುಮ್ಮನಾಗುತ್ತದೆ. ಇಷ್ಟಕ್ಕೇ ಎಂಜಿನ್ ಬಿಚ್ಚಿಸುವುದು ಅತಿಯಾಯಿತು ಅನ್ನಿಸುತ್ತದೆ. ಬಿಚ್ಚಿಸದೆ ಹೊರಟರೆ ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದ ಕಟಕಟ ಸದ್ದು ಕೂಡ ನನ್ನ ಎಂಜಿನ್ನಿನದೇ ಎಂದು ಎದೆ ಹೊಡೆದುಕೊಳ್ಳುತ್ತದೆ.

ಮಿಸ್ತ್ರಿಗೆ ತೋರಿಸಿದೆ. ಆತ ಎಣ್ಣೆ ಸೋರದಂತೆ ತಡೆಯುವ ಪ್ಯಾಕಿಂಗ್ ಕೂರುವ ಕ್ಲಚ್ ಕವರಿನ ಅಂಚಿಗೆ ಬೆರಳು ಸವರಿ, ಮೂಸಿ ನೋಡಿ, ಆ ಬೆರಳನ್ನು ನನ್ನ ಸೀಟಿಗೇ ಒರೆಸಿ ತೀರ್ಪು ಕೊಟ್ಟ: “ಪ್ಯಾಕಿಂಗ್ ಹೋಗೇತ್ರಿ ಸರ. ಹೊಸಾದು ಹಾಕಬೋದು, ಆದ್ರ ಒಮ್ಮೆ ಬಿಚ್ಚಿದ್ರ ಕಂಪನಿ ಫಿಟಿಂಗ್ ಹೋಗತೇತಿ. ಹಂಗ ಓಡಸ್ರಿ.”

“ಎಲ್ಲೀಮಟಾ?”

“ನಿಲ್ಲೂಮಟಾರಿ.”

ಎಂಜಿನ್ ಬಿಚ್ಚಿಯೇ ಹೊಟ್ಟೆ ಹೊರೆಯುವವನು ಬಿಚ್ಚಬೇಡಿ, ಕಾರ್ಖಾನೆಯ ಮೂಲ ಜೋಡಣೆ ಕೆಡುತ್ತದೆ ಎನ್ನುವಾಗ ಅದನ್ನು ಪ್ರಾಮಾಣಿಕತೆ ಎನ್ನಬೇಕೋ, ಊಟದ ಹೊತ್ತು ಎನ್ನಬೇಕೋ ತಿಳಿಯಲಿಲ್ಲ. ನೂರು ಸಿಸಿಯ ಗಾಡಿಯಲ್ಲಿ ಇರುವುದೇ ಸುಮಾರು 1 ಲೀಟರ್ ಎಣ್ಣೆ. ಪಿಸ್ಟನ್, ಗೇರು, ಕ್ಲಚ್ ಮೂರೂ ಅದರಲ್ಲೇ ಮೀಯಬೇಕು. ಎಣ್ಣೆಯ ಒತ್ತಡ ಕುಸಿಯಿತೆಂದು ಕಾರಿನಲ್ಲಿ ಹೊತ್ತಿಕೊಳ್ಳುವ ಕೆಂಪು ದೀಪ ನನ್ನ ಗಾಡಿಗಿಲ್ಲ. ಹೀಗಾಗಿ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಅಳತೆಕಡ್ಡಿಯನ್ನು ಹೊರಗೆಳೆದು, ಒರೆಸಿ, ಮತ್ತೆ ಅದ್ದಿ, ಎಣ್ಣೆ ಕೆಳಗಿನ ಗೆರೆಗಿಂತ ಮೇಲಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು ನನ್ನ ನಿತ್ಯಕರ್ಮವಾಗಿದೆ. ಸೋರಿದ್ದು ಹಿಂದಿನ ಟೈರಿಗೆ ತಗುಲಿದರೆ ತಿರುವಿನಲ್ಲಿ ಜಾರಿ ಬೀಳುವುದು ಖಂಡಿತವಾದ್ದರಿಂದ ಟೈರಿಗೂ ಕೈಯಾಡಿಸುತ್ತೇನೆ. ಇದೆಲ್ಲ ಮುಗಿದ ಮೇಲೆ ಆಫೀಸಿಗೆ ಹೋಗಲು ಎರಡನೇ ಅಂಗಿ ಬೇಕಾಗುತ್ತದೆ, ಮತ್ತು ಆ ಬಗ್ಗೆ ಮನೆಯಲ್ಲಿ ಪ್ರತ್ಯೇಕ ಅಭಿಪ್ರಾಯವಿದೆ.

ಇಷ್ಟರ ಮೇಲೆ ಮನೆ ಮಾಲೀಕರಾದ ಕಾಕಾ ಇದ್ದಾರೆ. ಕೇಶ್ವಾಪುರದ ಈ ಮನೆಯ ಕೆಳಗಿನ ಭಾಗದಲ್ಲಿ ಅವರು, ಮೇಲೆ ನಾವು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಅವರಿಗೆ ಎಣ್ಣೆ ಕಂಡರೆ ಕರ್ತವ್ಯಪ್ರಜ್ಞೆ ಜಾಗೃತವಾಗುತ್ತದೆ. ಮೊದಲಿಗೆ ಪರಸಿ ಹೊಲಸಾಯಿತೆಂದು ಬೈದರು; ಅದು ನ್ಯಾಯವೇ ಆಗಿತ್ತು. ಗಾಡಿಯ ಕೆಳಗೆ ಆಪೂಸಿನ ಡಬ್ಬಿಯ ರಟ್ಟು ಹಾಸಿದೆ. ಮರುದಿನವೇ ಅದನ್ನು ಎತ್ತಿ ಒಗೆದರು: “ರಟ್ಟು ಎಣ್ಣಿ ಕುಡೀತೇತಿ ತಮ್ಮಾ, ಲೆಕ್ಕ ತಪ್ಪತೇತಿ.” ಯಾವ ಲೆಕ್ಕ ಎಂದು ಕೇಳುವಷ್ಟರಲ್ಲಿ ಅವರು ಬರಿಯ ಪರಸಿಯ ಮೇಲಿನ ಕಲೆಯ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದಾಗಿತ್ತು. ಅಂದಿನಿಂದ ನಸುಕಿನಲ್ಲೇ ಬ್ಯಾಟರಿ ಹಿಡಿದು ಬರುತ್ತಾರೆ. ಮಂಡಿನೋವೆಂದು ಗುಡಿಯಲ್ಲಿ ಕುರ್ಚಿ ಕೇಳುವವರು ಇಲ್ಲಿ ಸರಾಗವಾಗಿ ಕುಕ್ಕರಗಾಲಿನಲ್ಲಿ ಕೂತು ಅಳೆಯುತ್ತಾರೆ. ಅಳತೆಯಾಗುವವರೆಗೆ ಗಾಡಿ ಕದಲಿಸುವಂತಿಲ್ಲ. ಗೆರೆಯ ಹೊರಗೆ ಗೆರೆ ಬೆಳೆದು ಅಂಗಳದಲ್ಲೊಂದು ನಕಾಶೆಯೇ ಮೂಡಿದೆ. ಹಾಲು ಹಾಕುವ ಹುಡುಗನನ್ನು ನಿಲ್ಲಿಸಿ ತೋರಿಸುತ್ತಾರೆ, ಅವರ ಬೀಗರು ಬಂದಾಗ ಚಹಾಕ್ಕಿಂತ ಮೊದಲು ತೋರಿಸಿದರು. ಆ ಬೀಗರು ನನ್ನನ್ನು ನೋಡಿದ ನೋಟದಲ್ಲಿ, ಕಾಯಿಲೆಯ ಮೂಲ ನಾನೇ ಎಂಬ ಭಾವವಿತ್ತು.

ಗಾಡಿ ನಿಂತೇ ಕೆಟ್ಟಿತೆಂಬುದು ಕಾಕಾ ಅವರ ವಾದ, ಮತ್ತು ಅದರಲ್ಲಿ ಹುರುಳಿಲ್ಲದಿಲ್ಲ. ಓಡದ ಗಾಡಿಯ ಪ್ಯಾಕಿಂಗು, ರಬ್ಬರ್ ಸೀಲುಗಳು ಒಣಗಿ ಬಿರುಸಾಗುತ್ತವೆ. 2018ರಲ್ಲಿ ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಎಂಬ ಎಸಿ ಬಸ್ಸುಗಳು ಶುರುವಾಗುವ ಮುಂಚೆ ಈ ಗಾಡಿ ದಿನವೂ ಧಾರವಾಡ ಕಂಡು ಬರುತ್ತಿತ್ತು. ಉಣಕಲ್ ಕೆರೆಯ ಹತ್ತಿರ ತಣ್ಣನೆಯ ಗಾಳಿ ಅಂಗಿಯೊಳಗೆ ನುಗ್ಗುತ್ತಿತ್ತು. ನವನಗರ, ರಾಯಾಪುರ ದಾಟುವಷ್ಟರಲ್ಲಿ ಮಳೆ ಹಿಡಿದರೆ ಯಾವುದೋ ಅಂಗಡಿಯ ತಗಡಿನ ಕೆಳಗೆ ಗುರುತಿಲ್ಲದವರ ಜೊತೆ ನಿಂತು ಮಿರ್ಚಿ ತಿನ್ನುವುದಿತ್ತು. ಈಗ ಅದೇ ಕೆರೆಯನ್ನು ಎಸಿ ಬಸ್ಸಿನ ಗಾಜಿನಾಚೆ, ಯಾರದೋ ಭುಜದ ಮೇಲಿಂದ ನೋಡುತ್ತೇನೆ. ಗಾಡಿಗೆ ಉಳಿದದ್ದು ದುರ್ಗದ ಬೈಲಿನ ಸಂತೆಯಷ್ಟೇ.

ಎಣ್ಣೆ ಮೇಲಿನ ಗೆರೆಯ ಹತ್ತಿರ ನಿಲ್ಲುವವರೆಗೆ ಊರೊಳಗೆ ಓಡಿಸಬಹುದು, ಧಾರವಾಡದ ದಾರಿ ಹಿಡಿಯಬಾರದು ಎಂಬ ಮಧ್ಯಮಮಾರ್ಗಕ್ಕೆ ಬಂದಿದ್ದೆ. ಆದರೆ ದಿನವೂ ನಸುಕಿಗೇ ಕೆಳಗಿಳಿದು ಅಳತೆಗೆ ಸಾಕ್ಷಿಯಾಗುವುದು ಪ್ಯಾಕಿಂಗಿನ ಖರ್ಚಿಗಿಂತ ದುಬಾರಿ ಎನ್ನಿಸತೊಡಗಿತು. ಕಂಪನಿ ಫಿಟಿಂಗ್ ಹೋದರೆ ಹೋಗಲಿ, ಬರುವ ರವಿವಾರ ಬಿಚ್ಚಿಸಿಬಿಡುತ್ತೇನೆ ಎಂದು ಕಾಕಾ ಅವರಿಗೆ ಹೇಳಿದೆ. ಪರಸಿ ಉಳಿಯಿತೆಂದು ಹಿಗ್ಗುತ್ತಾರೆ ಎಂದುಕೊಂಡಿದ್ದೆ.

ಅವರು ಸೀಮೆಸುಣ್ಣವನ್ನು ಕಿಸೆಗೆ ಹಾಕಿಕೊಂಡು, ನಕಾಶೆಯನ್ನೇ ನೋಡುತ್ತ ಅಂದರು: “ಇಷ್ಟ ಅವಸರ ಯಾಕ ತಮ್ಮಾ? ಮಳಿಗಾಲದಾಗ ಎಷ್ಟ ಸೋರತೇತಿ ಅನ್ನೂದು ಇನ್ನಾ ನೋಡೇ ಇಲ್ಲಲಾ.”